ಕೂಗಿಗೆ ಬಂದ ಕುರಿಗಳು

"ಕಿವಿ ಹಿಡ್ಕಳಲೇ, ಸೂಳಿಮಗನ! ಎರಡೂ ಕಿವಿ!"

ಹುಲುಗೇಶ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕಿವಿ ಹಿಡಿದ. ಸೋಲಾರ್ ಪ್ಲೇಟು ತೊಳೆಯುತ್ತಿದ್ದ ಹೆಂಗಸರು ಪೈಪು ಕೆಳಗೆ ಬಿಟ್ಟು ನಿಂತು ನೋಡಿದರು. ನೀರು ಸುಮ್ಮನೆ ಮಣ್ಣಿಗೆ ಹರಿಯುತ್ತಿತ್ತು, ಅದರ ಕಡೆ ಯಾರಿಗೂ ಗಮನವಿರಲಿಲ್ಲ.

"ಕುಂದ್ರು. ಏಳು. ಬಾಯಿಬಿಟ್ಟು ಎಣಸು. ಇವರಿಗೆಲ್ಲ ಕೇಳಬೇಕು."

"ಒಂದು... ಎರಡು..."

ಎಣಿಸು ಎಂದವನು ಪಾಲಾಕ್ಷಪ್ಪ. ಕಾನಹೊಸಹಳ್ಳಿಯಿಂದ ಒಳಗೆ, ಗುಡ್ಡದ ಬುಡದಲ್ಲಿರುವ ಈ ಸೋಲಾರ್ ಪ್ಲಾಂಟಿಗೆ ಕಾವಲುಗಾರರನ್ನೂ ಕೂಲಿಯವರನ್ನೂ ಒದಗಿಸುವ ಗುತ್ತಿಗೆ ಅವನದು. ಊರಿನ ಗೌಡಿಕೆ ಮುಗಿದು ಎಷ್ಟೋ ಕಾಲವಾಗಿತ್ತು, ಅವನ ಬಾಯಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಹುಲುಗೇಶ ಮಾಡಿದ ತಪ್ಪು ಇಷ್ಟೇ. ಬೆಳಗಿನ ಆರಕ್ಕೆ ಗೇಟಿನಲ್ಲಿ ನಿಂತವನು ಮಧ್ಯಾಹ್ನ ಎರಡರ ಹೊತ್ತಿಗೆ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಆ ಕುರ್ಚಿ ಬಂದುಹೋಗುವ ಸಾಹೇಬರಿಗಾಗಿ ಹಾಕಿದ್ದು. ಸಾಹೇಬರು ತಿಂಗಳಿಗೊಮ್ಮೆ ಬಂದರೆ ಹೆಚ್ಚು.

ಪಕ್ಕದಲ್ಲಿ ಪ್ಲಾಂಟಿನ ಇಂಜಿನಿಯರ್ ಅರುಣಕುಮಾರ್ ನಿಂತಿದ್ದ. ಅವನು ಬೈಯುವವನಲ್ಲ. ಬೈಯುವುದಕ್ಕೆ ಪಾಲಾಕ್ಷಪ್ಪನಿದ್ದ, ಇವನ ಕೆಲಸ ಬರೆದುಕೊಳ್ಳುವುದು. ಕೈಯಲ್ಲಿ ಹುಲುಗೇಶನ ಪ್ರೊಬೇಷನ್ ರಿಪೋರ್ಟು ಇತ್ತು. ಹಾಜರಿ, ಶಿಸ್ತು, ಎಚ್ಚರ, ವಿಧೇಯತೆ ಎಂದು ಗೆರೆ ಹೊಡೆದು ಮನೆ ಮಾಡಿ, ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕುವ ಹಾಳೆ.

"ಇಪ್ಪತ್ತಾಯ್ತಾ? ಸಾಕು ಬಿಡಿ ಗೌಡ್ರೇ," ಎಂದ ಅರುಣಕುಮಾರ್. "ಹುಲುಗೇಶ್, ನಿಂಗಿನ್ನು ಹನ್ನೊಂದು ದಿನ ಇದೆ. ಶಿಸ್ತು ಅಂತ ಇದೆಯಲ್ಲ, ಅದರ ಮುಂದೆ ನಾನು ಏನು ಬರೀಲಿ? ನೀನೇ ಹೇಳು."

"ತಪ್ಪಾತ್ರಿ ಸಾರ್."

"ತಪ್ಪಾಯ್ತು ಅಂತ ಬರೀಲಾ?"

ಹೆಂಗಸರಲ್ಲಿ ಒಬ್ಬಳು ನಕ್ಕಳು. ನಗು ಬಂದು ನಕ್ಕದ್ದಲ್ಲ, ಗೌಡ ತನ್ನ ಕಡೆ ನೋಡುತ್ತಿದ್ದಾನೆಂದು ನಕ್ಕದ್ದು. ಅದು ಹುಲುಗೇಶನಿಗೂ ಗೊತ್ತಾಯಿತು. ಗೊತ್ತಾದರೂ ಮೈಯೆಲ್ಲ ಉರಿಯಿತು.

*

ಆರು ತಿಂಗಳ ಪ್ರೊಬೇಷನ್. ಪಾಸಾದರೆ ಕಂಪನಿಯ ಲೆಕ್ಕಕ್ಕೆ ಹೆಸರು ಹತ್ತುತ್ತದೆ, ಅವ್ವನನ್ನೂ ಸೇರಿಸಿ ಆಸ್ಪತ್ರೆ ಖರ್ಚಿನ ಇಎಸ್‌ಐ ಕಾರ್ಡು ಸಿಗುತ್ತದೆ. ಫೇಲಾದರೆ ಗುಳೆ. ಹದಿನಾಲ್ಕನೇ ವಯಸ್ಸಿನಿಂದ ಅವನು ಅವ್ವ ಬೊಮ್ಮಮ್ಮನ ಜೊತೆ ಗುಳೆ ಹೋದವನು. ಕಾಫಿ ತೋಟವೋ, ಇಟ್ಟಿಗೆ ಭಟ್ಟಿಯೋ, ಬೆಂಗಳೂರಿನ ಬಿಲ್ಡಿಂಗೋ, ಮೇಸ್ತ್ರಿಯ ಲಾರಿ ಎಲ್ಲಿ ಇಳಿಸಿತೋ ಅಲ್ಲಿ ದುಡಿದು ಬಂದವರು ತಾಯಿ ಮಗ. ಕಳೆದ ವರ್ಷ ನಾಲ್ಕನೇ ಮಹಡಿಗೆ ಕಾಂಕ್ರೀಟು ಹೊರುವಾಗ ಬೊಮ್ಮಮ್ಮ ಮೆಟ್ಟಿಲ ಮೇಲೆ ಬಿದ್ದಳು. ಅಂದಿನಿಂದ ಅವಳ ಬಲಮೊಣಕಾಲು ಮಡಚುವುದಿಲ್ಲ. ಗೋಡೆ ಹಿಡಿದು ನಡೆಯುವ ಹೆಂಗಸನ್ನು ಲಾರಿಗೆ ಹತ್ತಿಸುವುದಂತೂ ಆಗದ ಮಾತು.

ಸಂಜೆ ಹಟ್ಟಿಗೆ ಬಂದವನ ಮುಂದೆ ಅವಳು ಮುದ್ದೆಯ ತಟ್ಟೆ ಸರಿಸಿದಳು.

"ಏನಂದ್ರಪ್ಪಾ ಇವತ್ತು? ಏನರ ಅಂದ್ರ?"

"ಏನಿಲ್ಲಬೇ. ಚಲೋ ಮಾಡಾಕತ್ತೀ ಅಂದ್ರು."

ಸುಳ್ಳು ಎಂದು ಅವಳಿಗೆ ತಿಳಿಯದೇ ಇರಲಿಲ್ಲ. ಇಪ್ಪತ್ತು ಸಲ ಕೂತು ಎದ್ದವನ ತೊಡೆ ಹಿಡಿದುಕೊಂಡಿದ್ದವು, ಗೋಡೆಗೆ ಕೈ ಕೊಟ್ಟು ಕೂತಿದ್ದ. "ತಲಿ ಬಗ್ಗಿಸ್ಕಂಡು ಇದ್ದುಬಿಡು," ಎಂದಳು. "ಇನ್ನ ಹನ್ನೊಂದು ದಿನ ನೀನೊಬ್ಬ ಮನುಷ್ಯಾ ಅನ್ನೋದು ಮರ್ತುಬಿಡು. ಆಮ್ಯಾಲ ನೆಪ್ಪು ಮಾಡ್ಕಂಡ್ರಾತು."

ಮುದ್ದೆ ಮುರಿಯುತ್ತ ಅವನು ಅಂಕಗಳ ಲೆಕ್ಕ ಹಾಕಿದ. ಹಾಜರಿಗೆ ಹತ್ತಕ್ಕೆ ಹತ್ತು ಬಂದೀತು, ಒಂದು ದಿನವೂ ತಪ್ಪಿಸಿಲ್ಲ. ಎಚ್ಚರಕ್ಕೆ ಆರೋ ಏಳೋ. ಶಿಸ್ತು ಇವತ್ತಿಗೆ ಕೆಟ್ಟಿತು. ವಿಧೇಯತೆ ಎಂದರೆ ಏನು, ಅದಕ್ಕೆ ಏನು ಮಾಡಿದರೆ ಎಷ್ಟು ಕೊಡುತ್ತಾರೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮರುದಿನ ಪ್ಲೇಟು ತೊಳೆಯುವ ಜಂಬಕ್ಕ ಗೇಟಿನ ಹತ್ತಿರ ಪೈಪು ಸುತ್ತುತ್ತ ದನಿ ತಗ್ಗಿಸಿ ಕೇಳಿದಳು. "ನಿನ್ನ ಮೈಮ್ಯಾಲಿನ ಅಂಗಿ ಯಾರ್ದು ಗೊತ್ತೈತೇನು? ಅಂಜಿನೇಯಲು ಅಂತ ಹುಡುಗ ಇದ್ದ, ಹಂಪಸಾಗರದಾವ. ಅವನ್ನ ಆರನೇ ತಿಂಗಳ ಕಡೀ ದಿನ ಮನಿಗೆ ಕಳಿಸಿದ್ರು. ಅವನ ಮುಂಚೆ ಇನ್ನೊಬ್ಬಾವ. ಅವನ ಮುಂಚೆ ಇನ್ನೊಬ್ಬಾವ. ಪಾಸಾದಾವನ್ನ ನಾ ಇನ್ನಾ ಕಂಡಿಲ್ಲಪ್ಪ."

ಅವರೆಲ್ಲ ಏನೋ ತಪ್ಪು ಮಾಡಿರಬೇಕು ಎಂದುಕೊಂಡ ಹುಲುಗೇಶ. ಹಾಗೆ ಅಂದುಕೊಳ್ಳದಿದ್ದರೆ ಆ ಅಂಗಿ ತೊಟ್ಟು ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ.

*

ಮಂಗಳವಾರ ಬೆಳಿಗ್ಗೆ ಅವನನ್ನು ಆಫೀಸಿನೊಳಗೆ ಕರೆದರು. ಬೂಟು ಹೊರಗೆ ಬಿಟ್ಟು ಒಳಗೆ ಹೋದ. ಪಾಲಾಕ್ಷಪ್ಪನಿಗೂ ಅರುಣಕುಮಾರನಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂದಿತ್ತು. ಅವನಿಗೆ ಕಾಗದದ ಕಪ್ಪಿನಲ್ಲಿ ಕೊಟ್ಟು, ಕುಡಿದ ಮೇಲೆ ಹೊರಗೆ ಎಸೆ ಎಂದರು.

"ನೀ ಸಣ್ಣಾವಿದ್ದಾಗ ಬಂಗಾರಪ್ಪನ ಕುರಿ ಕಾಯ್ದಾವ ಅಲ್ಲೇನಲೇ?"

"ಹೌದ್ರಿ ಗೌಡ್ರ. ನಾಕು ವರ್ಷ."

"ಅವನ ಕೂಗು ಬರ್ತೈತೇನು ನಿನಗ?"

ಹುಲುಗೇಶನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು.

ಕುರಿ ಕಾಯುವ ಒಬ್ಬೊಬ್ಬನಿಗೂ ತನ್ನದೇ ಕೂಗು ಇರುತ್ತದೆ. ನಾಲಗೆ ಅಂಗುಳಕ್ಕೆ ಹೊಡೆದು ಒಬ್ಬ ಕರೆಯುತ್ತಾನೆ, ಗಂಟಲಲ್ಲಿ ಎಳೆದು ಇನ್ನೊಬ್ಬ. ಒಬ್ಬನ ಕೂಗಿಗೆ ಇನ್ನೊಬ್ಬನ ಕುರಿ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಮೂರು ಹಿಂಡು ಒಂದೇ ಕಟ್ಟೆಯಲ್ಲಿ ನೀರು ಕುಡಿದು ಕಲಸಿಹೋದರೂ ಮೂರು ಕೂಗಿಗೆ ಮೂರಾಗಿ ಒಡೆದು ನಿಲ್ಲುತ್ತವೆ. ಬಂಗಾರಪ್ಪ ಸತ್ತು ಮೂರು ವರ್ಷವಾಗಿತ್ತು. ಅವನ ಹೆಂಡತಿ ಭರಮಮ್ಮ ಕುರಿಗಳನ್ನು ತನ್ನ ದನಿಗೆ ಒಗ್ಗಿಸಿಕೊಂಡಿದ್ದಳೇ ಹೊರತು ಗಂಡನ ಕೂಗನ್ನು ಬಾಯಿಗೆ ತಂದವಳಲ್ಲ. ಆ ಕೂಗು ಗೊತ್ತಿದ್ದವನು ಹುಲುಗೇಶ ಒಬ್ಬನೇ. ಅವಳನ್ನು ಅವನು ದೊಡ್ಡವ್ವ ಎಂದೇ ಕರೆಯುತ್ತಿದ್ದ.

ಗೌಡನಿಗೆ ಬೇಕಾದದ್ದು ಒಂದು ಫೋಟೋ. ಪ್ಲಾಂಟು ಬರುವ ಮುಂಚೆ ಇದೆಲ್ಲ ಹಟ್ಟಿಯ ದನ ಕುರಿ ಮೇಯುವ ಜಾಗ. ಬೇಲಿ ಬಿದ್ದ ಮೇಲೆ ನೀರಿನ ಕಟ್ಟೆಗೆ ಹೋಗುವ ದಾರಿಯೂ ಬೇಲಿಯೊಳಗೆ ಸೇರಿಹೋಗಿತ್ತು. ದಾರಿ ಬಿಡಿಸಿಕೊಡಿ ಎಂದು ಹಟ್ಟಿಯವರು ಮೇಲಿನವರಿಗೆ ಅರ್ಜಿ ಹಾಕಿದ್ದರು, ಅದರಲ್ಲಿ ಮೊದಲ ಹೆಬ್ಬೆಟ್ಟು ಭರಮಮ್ಮನದು. ಇವರೇ ಕುರಿ ನುಗ್ಗಿಸಿ ಹಾಳು ಮಾಡುತ್ತಾರೆ ಎಂದು ತೋರಿಸಿದರೆ ಅರ್ಜಿ ಬಿದ್ದುಹೋಗುತ್ತದೆ. ಆದರೆ ಹಟ್ಟಿಯವರು ಬಲು ಹುಷಾರು. ಪ್ಲೇಟು ತೊಳೆದ ನೀರಿಗೆ ಬೇಲಿಯೊಳಗೆ ಮೊಣಕಾಲುದ್ದ ಹಸಿರು ಹುಲ್ಲು ಬೆಳೆದಿದ್ದರೂ ಒಂದು ಕುರಿಯ ಮೂತಿಯೂ ಬೇಲಿ ದಾಟದಂತೆ ಕಾಯುತ್ತಿದ್ದರು.

"ನಾವಾಗಿ ಹೊಡ್ಕಂಡು ಬರಾಕ ಹೋದ್ರ ಚೆಲ್ಲಾಪಿಲ್ಲಿ ಆಗ್ತಾವ," ಎಂದ ಪಾಲಾಕ್ಷಪ್ಪ. "ನೀ ಗೇಟು ತಗದು ಒಳಗ ನಿಂತು ಕರಿ. ತಾವಾ ಬರ್ತಾವ."

"ಗೌಡ್ರ, ಆಯಮ್ಮ ನಮಗ..."

"ನಿಮಗ ಏನು? ನಿನ್ನ ಹಡದಾಳೇನು?"

ಅರುಣಕುಮಾರ್ ರಿಪೋರ್ಟನ್ನು ಮೇಜಿನ ಮೇಲೆ ಅವನಿಗೆ ಕಾಣುವಂತೆ ತಿರುಗಿಸಿದ. "ವಿಧೇಯತೆ ಅನ್ನೋದು ಖಾಲಿ ಬಿಟ್ಟಿದ್ದೀನಿ ನೋಡು. ಇವತ್ತು ತುಂಬಬಹುದು."

"ಸಂಜಿಗೆ ಬಿಟ್ಟುಬಿಡ್ತೀರಲ್ರಿ ಸಾರ್?"

"ಅಷ್ಟು ಹೊತ್ತು ಯಾಕೆ? ಫೋಟೋ ತೆಗೆದ ಮೇಲೆ ಕುರಿ ಇಟ್ಕೊಂಡು ನಾವೇನು ಮಾಡ್ತೀವಿ?"

ಮಧ್ಯಾಹ್ನ ಭರಮಮ್ಮ ಜಾಲಿಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದಳು. ಹುಲುಗೇಶ ಗೇಟು ತೆಗೆದ. ಪ್ಲೇಟುಗಳ ಸಾಲಿನ ಹಿಂದೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. ಹತ್ತು ವರ್ಷದಿಂದ ಬಾಯಿಗೆ ಬರದ ಕೂಗು ಒಂದೇ ಸಲಕ್ಕೆ ಸರಿಯಾಗಿ ಬಂತು. ಬಾರದೇ ಹೋಗಲಿ ಎಂದು ಅವನು ಒಳಗೊಳಗೇ ಬೇಡಿಕೊಂಡಿದ್ದ.

ಹಳೆಯ ಕುರಿಗಳು ಮೊದಲು ತಲೆ ಎತ್ತಿದವು. ಆಮೇಲೆ ಓಡಿದವು. ಅವುಗಳ ಹಿಂದೆ ಇಡೀ ಹಿಂಡು ಧೂಳೆಬ್ಬಿಸಿಕೊಂಡು ಗೇಟಿನೊಳಕ್ಕೆ ಬಂತು. ಹಸಿರು ಹುಲ್ಲನ್ನು ಮೂಸಿಯೂ ನೋಡದೆ, ಬಂಗಾರಪ್ಪ ಎಲ್ಲಿ ಎಂದು ಹುಲುಗೇಶನ ಸುತ್ತ ನಿಂತು ಮುಖ ನೋಡಿದವು.

ಭರಮಮ್ಮ ಕೈಯಲ್ಲಿ ತುತ್ತು ಹಿಡಿದೇ ಎದ್ದು ನಿಂತಿದ್ದಳು. ಸತ್ತ ಗಂಡನ ಕೂಗು ಕೇಳಿದ ಹೆಂಗಸು ಒಂದು ಗಳಿಗೆ ಗುಡ್ಡದ ಕಡೆ ನೋಡಿದಳು. ಆಮೇಲೆ ತುತ್ತು ಎಸೆದು ಗೇಟಿಗೆ ಓಡಿ ಬಂದಳು. ಅಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು. ಅರುಣಕುಮಾರ್ ಮೂರು ಕಡೆಯಿಂದ ಫೋಟೋ ತೆಗೆದುಕೊಂಡು ಆಗಿತ್ತು.

"ಹುಲುಗ್ಯಾ, ನೀ ಏನಲೇ ಕೂಗಿದ್ದು?"

ಅವನು ಬೀಗದ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

"ಮಗನಂಗ ಕುಂದ್ರಿಸ್ಕಂಡು ಕಲ್ಸಿದನಲ್ಲೋ ಆ ಕೂಗು. ಇದಕ್ಕ ಕಲ್ತೇನೋ?"

ಪಾಲಾಕ್ಷಪ್ಪ ಬೇಲಿಯ ಸಂದಿನಿಂದ ಒಂದು ಕಾಗದವನ್ನೂ ಇಂಕಿನ ಡಬ್ಬಿಯನ್ನೂ ಚಾಚಿದ. "ನೀರಿನ ಕಟ್ಟಿ ದಾರಿ ನಮಗ ಬ್ಯಾಡ ಅಂತ ಹೆಬ್ಬಟ್ಟು ಒತ್ತು. ಒತ್ತಿ ಹೊಡ್ಕಂಡು ಹೋಗು."

"ನನ್ನೊಬ್ಬಾಕಿ ಹೆಬ್ಬಟ್ಟಿಗೆ ಇಡೀ ಹಟ್ಟಿ ದಾರಿ ಹೋಗ್ತೈತಿ. ಒತ್ತಂಗಿಲ್ಲ."

"ಹಂಗಾದ್ರ ಕುರಿ ಇಲ್ಲೇ ಇರ್ಲಿ."

"ಮರಿ ಹಟ್ಟ್ಯಾಗ ಅದಾವೋ ಗೌಡ! ಹಾಲಿಲ್ದ ಸಾಯ್ತಾವ!"

"ಅದು ನಿನಗ ಬಿಟ್ಟಿದ್ದು."

ಮರಿಗಳ ವಿಷಯ ಹುಲುಗೇಶನಿಗೆ ಮೊದಲೇ ಗೊತ್ತಿತ್ತು. ಎಳೆಮರಿಗಳನ್ನು ಯಾರೂ ಮೇಯಲು ಹೊಡೆಯುವುದಿಲ್ಲ. ಹಟ್ಟಿಯಲ್ಲಿ ಬುಟ್ಟಿಗೂಡಿನೊಳಗೆ ಮುಚ್ಚಿಟ್ಟು ಬರುತ್ತಾರೆ, ಸಂಜೆ ತಾಯಿ ಬಂದ ಮೇಲೆಯೇ ಅವಕ್ಕೆ ಹಾಲು. ಸಂಜೆಯೊಳಗೆ ಬಿಡುತ್ತಾರೆ ಎಂದು ಅವನು ನಂಬಿದ್ದ. ಬಿಸಿಲು ತಗ್ಗಿದ ಮೇಲೆ ಅರುಣಕುಮಾರನ ಹತ್ತಿರ ಹೋಗಿ ನಿಂತ.

"ಸಾರ್, ಸಂಜಿಯಾತ್ರಿ. ಬಿಡ್ತೀವಿ ಅಂದಿದ್ರಿ."

"ವಿಧೇಯತೆಗೆ ಒಂಬತ್ತು ಕೊಟ್ಟಿದ್ದೀನಿ ಹುಲುಗೇಶ್. ಕೆಡಿಸ್ಕೋಬೇಡ."

ಹೊತ್ತು ಇಳಿದಂತೆ ಕುರಿಗಳು ಹಟ್ಟಿಯ ದಿಕ್ಕಿಗೆ ಮುಖ ಮಾಡಿ ಬೇಲಿಗೆ ಒತ್ತಿ ನಿಂತು ಒದರಿದವು. ಕೆಚ್ಚಲು ಬಿಗಿದು ಹಾಲು ತಾನಾಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹುಲುಗೇಶ ಹಟ್ಟಿಗೆ ಬಂದರೆ ಅಲ್ಲಿ ಮರಿಗಳ ಒದರಾಟ. ಬೊಮ್ಮಮ್ಮ ಅವತ್ತು ಒಲೆ ಹಚ್ಚಿರಲಿಲ್ಲ.

"ನೀ ಕೂಗಿದ್ದು ಇಲ್ಲಿತನಕ ಕೇಳ್ತು," ಎಂದಳು. ಬೈದಿದ್ದರೂ ಅವನು ಬದುಕುತ್ತಿದ್ದ.

*

ಭರಮಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಅಕ್ಕಪಕ್ಕದವರು ಮೇಕೆಯ ಹಾಲು ಬಟ್ಟೆಗೆ ಅದ್ದಿ ಮರಿಗಳ ಬಾಯಿಗೆ ಹಿಡಿದರು. ಕೆಲವು ಚೀಪಿದವು, ಕೆಲವು ಚೀಪಲಿಲ್ಲ. ಬುಧವಾರ ಎರಡು, ಗುರುವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ಐದು ಸತ್ತವು.

ಗುರುವಾರವೇ ಅವಳು ಬುಟ್ಟಿ ಹೊತ್ತುಕೊಂಡು ಬಂದಳು. ಹಿಂದೆ ಹಟ್ಟಿಯ ನಾಲ್ಕು ಹೆಂಗಸರು. ಬುಟ್ಟಿಯನ್ನು ಗೇಟಿನ ಮುಂದೆ ಬೋರಲು ಹಾಕಿದಳು. ಏಳು ಮರಿ ಒಂದರ ಮೇಲೊಂದು ಹುಲುಗೇಶನ ಬೂಟಿನ ಹತ್ತಿರ ಬಿದ್ದವು.

"ಎಣಸು," ಎಂದಳು. "ನಿಮ್ಮ ಸಾಹೇಬರಿಗೆ ಎಣಿಸಿ ಒಪ್ಪಿಸು."

ಅವಳು ಗುಂಡುಕಲ್ಲು ಎತ್ತಿ ಬೀಗಕ್ಕೆ ಹೊಡೆದಳು. ಒಂದು ಏಟಿಗೆ ಬೀಗ ಬಿಡಲಿಲ್ಲ. ನಾಲ್ಕು, ಐದು, ಆರು ಏಟು. ಕೀಲಿ ಹುಲುಗೇಶನ ಜೇಬಿನಲ್ಲಿತ್ತು. ತೆಗೆದು ಕೊಡಲಿಲ್ಲ, ತಡೆಯಲೂ ಇಲ್ಲ. ಲಾಠಿ ಹಿಡಿದು ಕಂಬದ ಹಾಗೆ ನಿಂತಿದ್ದ. ಕಲ್ಲಿನ ಚೂರು ಸಿಡಿದು ಅವಳ ಹಣೆಗೆ ಬಡಿದು ರಕ್ತ ಬಂತು. ಆಗಲೂ ಅವನ ಕೈ ಜೇಬಿಗೆ ಹೋಗಲಿಲ್ಲ. ಬೀಗ ಮುರಿಯಿತು. ಕುರಿಗಳು ಹೆಂಗಸರನ್ನು ತಳ್ಳಿಕೊಂಡು ಹಟ್ಟಿಯ ಕಡೆ ಓಡಿದವು.

ಸುದ್ದಿ ಕೇಳಿ ಬಂದ ಪಾಲಾಕ್ಷಪ್ಪ ಜೀಪು ಇಳಿದವನೇ ಅವನ ಸೊಂಟಕ್ಕೆ ಒದ್ದ. "ಲಾಠಿ ಕೊಟ್ಟಿದ್ದು ಯಾತಕ್ಕಲೇ, ಹಲ್ಕಟ್ ನನ್ಮಗನ? ಅವನವ್ವನ, ಕುರಿದೊಡ್ಡಿ ಕಾಯಾಕೂ ಲಾಯಕ್ಕಿಲ್ಲ ನೀ!"

ಆದರೆ ಅರುಣಕುಮಾರ್ ಸಿಟ್ಟಾಗಲಿಲ್ಲ. ಅವನನ್ನು ಒಳಗೆ ಕರೆದು, ಮೊದಲ ಸಲ, ಕೂತ್ಕೋ ಎಂದ. ಹುಲುಗೇಶ ಕೂರಲಿಲ್ಲ. ಮೇಜಿನ ಮೇಲೆ ಒಂದು ಹಾಳೆ ಇತ್ತು. 'ಪ್ರೊಬೇಷನ್ ಅವಧಿಯನ್ನು ತೃಪ್ತಿಕರವಾಗಿ ಪೂರೈಸಿದ್ದಾರೆ' ಎಂದು ಅಚ್ಚಾಗಿ, ಕೆಳಗೆ ಸಹಿ, ಸೀಲು. ಹುಲುಗೇಶ ಬಿನ್ ಬೊಮ್ಮಪ್ಪ ಎಂಬ ತನ್ನ ಹೆಸರನ್ನು ಅವನು ಎರಡು ಸಲ ಓದಿಕೊಂಡ.

"ಈ ಪ್ಲಾಂಟಿನಲ್ಲಿ ಈ ಲೆಟರ್ ಇದುವರೆಗೆ ಯಾವ ಗಾರ್ಡಿಗೂ ಕೊಟ್ಟಿಲ್ಲ," ಎಂದ ಅರುಣಕುಮಾರ್. "ಆರು ತಿಂಗಳಿಗೆ ಬದಲಾಯಿಸ್ತಾ ಇರ್ತೀವಿ. ಅದು ಕಂಪನಿ ಪದ್ಧತಿ. ನಿಂಗೆ ಮಾತ್ರ ಕೊಡ್ತಿದ್ದೀನಿ. ನಾಳೆ ಠಾಣೆಯಲ್ಲಿ ಒಂದು ಹೇಳಿಕೆ ಕೊಡಬೇಕು. ಆ ಐದು ಜನ ಹೆಂಗಸರು ಒಳಗೆ ನುಗ್ಗಿ ತಾಮ್ರದ ಕೇಬಲ್ ಕತ್ತರಿಸಿ ಹೊತ್ಕೊಂಡು ಹೋಗಿದ್ದನ್ನ ನೀನು ಕಣ್ಣಾರೆ ನೋಡಿದ್ದೀಯ."

"ಕೇಬಲ್ ಯಾರೂ ಮುಟ್ಟಿಲ್ರಿ ಸಾರ್."

"ಕತ್ತರಿಸಿದ್ದೀವಿ. ಹೋಗಿ ನೋಡು, ನಾಲ್ಕನೇ ಸಾಲಿನಲ್ಲಿದೆ."

ಜಂಬಕ್ಕ ಹೇಳಿದ್ದು ನಿಜವಾಗಿತ್ತು. ಅಂಜಿನೇಯಲು ಏನೂ ತಪ್ಪು ಮಾಡಿರಲಿಲ್ಲ. ಯಾರೂ ಮಾಡಿರಲಿಲ್ಲ. ಐದೂವರೆ ತಿಂಗಳು ಬಿಸಿಲಿಗೆ ನಿಂತು, ಕಿವಿ ಹಿಡಿದು, ಏಳು ಮರಿ ಕೊಂದು ಅವನು ಗಳಿಸುತ್ತಿದ್ದ ಅಂಕಗಳಿಗೆ ಅರ್ಥವೇ ಇರಲಿಲ್ಲ. ಪಾಲಾಕ್ಷಪ್ಪ ಆ ಹಾಳೆಯನ್ನು ಮಡಚಿ ತನ್ನ ಜೇಬಿಗೆ ಇಟ್ಟುಕೊಂಡ. "ನಾಳಿ ಬಾಯಿ ಸರಿಯಾಗಿ ಬಿಡು. ಅಲ್ಲೇ ಕೊಡ್ತೀನಿ," ಎಂದ.

*

ಠಾಣೆಯ ಒಳಗೋಡೆಗೆ ಒರಗಿ ಐದು ಹೆಂಗಸರು ನೆಲದ ಮೇಲೆ ಕೂತಿದ್ದರು. ಭರಮಮ್ಮನ ಹಣೆಗೆ ಸೀರೆಯ ಚೂರು ಕಟ್ಟಿತ್ತು. ಪಾಲಾಕ್ಷಪ್ಪನಿಗೆ ಕುರ್ಚಿ ಬಂತು. ಹೆಡ್ ಕಾನ್‌ಸ್ಟೇಬಲ್ ಸಿದ್ದಲಿಂಗ ಹಾಳೆ ಸರಿಮಾಡಿಕೊಂಡು ಪೆನ್ನು ತೆಗೆದ.

"ಹೇಳು ತಮ್ಮಾ. ಕಣ್ಣಿಲೆ ಕಂಡದ್ದು ಹೇಳಬೇಕು. ಕೇಳಿದ್ದು ಗೀಳಿದ್ದು ಬ್ಯಾಡ."

"ಮಂಗಳವಾರ ಮಧ್ಯಾಹ್ನ ಒಂದಕ್ಕ..."

"ಗುರುವಾರ ಅನ್ನಲೇ," ಎಂದ ಪಾಲಾಕ್ಷಪ್ಪ.

"ಮಂಗಳವಾರ ಮಧ್ಯಾಹ್ನ ಒಂದಕ್ಕ," ಎಂದು ಹುಲುಗೇಶ ಮತ್ತೆ ಹೇಳಿದ. "ಪ್ಲಾಂಟಿನ ಗೇಟು ತಗದು, ಒಳಗ ನಿಂತು, ಭರಮಮ್ಮನ ಕುರಿ ಕೂಗಿ ಕರದು ಕೂಡಿ ಹಾಕಿದ್ರು."

ಪೆನ್ನು ನಿಂತಿತು. "ಯಾರು ಕರದ್ರು?"

"ನಾನು."

ಭರಮಮ್ಮ ತಲೆ ಎತ್ತಿದಳು.

"ಕರಿ ಅಂದಾವ ಈ ಪಾಲಾಕ್ಷಪ್ಪ. ಫೋಟೋ ತಗದಾವ ಅರುಣಕುಮಾರ್. ಮೂರು ದಿನ ಕೂಡಿ ಹಾಕಿದ್ರು, ಹಟ್ಟ್ಯಾಗ ಏಳು ಮರಿ ಸತ್ತವು. ಬೀಗ ಒಡಿಯಾಗ ಕೀಲಿ ನನ್ನ ಜೇಬಿನಾಗ ಇತ್ತು, ನಾ ಕೊಡಲಿಲ್ಲ. ಕೇಬಲ್ ಕತ್ತರಿಸಿದ್ದು ಕಂಪನಿಯವ್ರು, ನಾಕನೇ ಸಾಲಿನ್ಯಾಗ. ಕತ್ತರಿಸೀವಿ ಅಂತ ಅವ್ರ ಬಾಯಿಲೆ ನನ್ನ ಮುಂದ ಹೇಳ್ಯಾರ."

"ಏ ಬೋಸುಡಿಮಗನ!" ಪಾಲಾಕ್ಷಪ್ಪ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಜೇಬಿನಿಂದ ಹಾಳೆ ತೆಗೆದು ಹುಲುಗೇಶನ ಮುಖದ ಹತ್ತಿರ ಹಿಡಿದು ಹರಿದ. ಎರಡು ತುಂಡು, ನಾಲ್ಕು ತುಂಡು, ಎಂಟು ತುಂಡು. "ಹೋಗು, ನಿಮ್ಮವ್ವನ ಹೆಗಲಿಗೆ ಹಾಕ್ಕಂಡು ಗುಳೆ ಹೋಗು!"

ಹುಲುಗೇಶನಿಗೆ ಅವ್ವನ ಮೊಣಕಾಲು ಕಣ್ಣಿಗೆ ಕಟ್ಟಿತು. ಬಗ್ಗಿ ತುಂಡು ಆಯ್ದುಕೊಳ್ಳಬೇಕೆನಿಸಿತು, ನಿಜವಾಗಿಯೂ ಅನ್ನಿಸಿತು. ಅವನು ಭರಮಮ್ಮನ ಕಡೆ ನೋಡಿದ.

"ನನ್ನ ಮಾರಿ ಯಾಕ ನೋಡ್ತೀ?" ಎಂದಳು ಅವಳು. "ನೀ ಈಗ ಬಾಯಿ ಬಿಟ್ಟಿ ಅಂತ ಸತ್ತಾವು ಎದ್ದು ಹಾಲು ಕುಡಿತಾವೇನು? ದೊಡ್ಡವ್ವ ಅಂತ ಇನ್ನೊಂದ್ಸಲ ಬಾಗಿಲಿಗೆ ಬರಬ್ಯಾಡ."

ಸಿದ್ದಲಿಂಗ ಗೌಡನ ಮುಖ ನೋಡಿದ, ಹಾಳೆ ನೋಡಿದ, ಹುಲುಗೇಶನನ್ನು ನೋಡಿ ದನಿ ತಗ್ಗಿಸಿದ. "ತಮ್ಮಾ, ತಿಳಿದು ಮಾತಾಡು. ಇದನ್ನ ನಾ ಬರಕಂಡೆ ಅಂದ್ರ ಮೊದಲನೇ ಆರೋಪಿ ನೀನಾ ಆಗ್ತಿ. ಒಳಗ ಹೋಗಾವ ನೀನಾ."

"ಹೂಂ ರಿ. ಮೊದಲನೇ ಹೆಸರು ನಂದಾ ಬರ್ರಿ. ಎರಡನೇದು ಪಾಲಾಕ್ಷಪ್ಪಂದು. ಮೂರನೇದು ಅರುಣಕುಮಾರಂದು. ಮೂರೂ ಬರದು ನನಗ ಓದಿ ಹೇಳೋತನಕ ನಾ ಇಲ್ಲಿಂದ ಏಳಂಗಿಲ್ಲ."

ಮೇಜಿನ ಮುಂದೆ ಬರಿನೆಲದ ಮೇಲೆ ಅವನು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಪಾಲಾಕ್ಷಪ್ಪ ಯಾರಿಗೋ ಫೋನು ಹಚ್ಚುತ್ತ ಹೊರಗೆ ಹೋದ. ಸಿದ್ದಲಿಂಗ ಬಹಳ ಹೊತ್ತು ಪೆನ್ನನ್ನು ಹಾಳೆಯ ಮೇಲೆ ಹಿಡಿದೇ ಇದ್ದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಬದಿಗಿಟ್ಟ.

ಹುಲುಗೇಶ ಏಳಲಿಲ್ಲ.